ಇಲ್ಲಿ ನಾಕಾ ಎಲ್ಲೈತ್ರಿ?

ಸೇತುವೆ ಹತ್ತಿರ ಬರುತ್ತಿದ್ದಂತೆ ನನ್ನ ಹೆಂಡತಿ ಬ್ಯಾಗಿನಿಂದ ಎರಡೂ ಪಾಸ್‌ಪೋರ್ಟ್ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ವೀಸಾ ಅಂಟಿಸಿದ ಪುಟಕ್ಕೆ ಬೆರಳು ಸಿಕ್ಕಿಸಿ, ಇನ್ಶೂರೆನ್ಸ್ ಕಾಗದ, ರೂಮ್ ಬುಕಿಂಗ್ ಪ್ರಿಂಟ್ ಎಲ್ಲವನ್ನೂ ಒಂದರ ಮೇಲೊಂದು ಜೋಡಿಸಿದಳು. ಕೆಳಗೆ ಮೋಸೆಲ್ ನದಿ. ಈಚೆ ದಡದಲ್ಲಿ ಜರ್ಮನಿಯ ಪೆರ್ಲ್, ಆಚೆ ದಡದಲ್ಲಿ ಲಕ್ಸೆಂಬರ್ಗ್ ದೇಶದ ಶೆಂಗೆನ್ ಎಂಬ ಹಳ್ಳಿ. ನಾನು ಕಾರು ನಿಧಾನ ಮಾಡಿದೆ. ಯಾರೂ ಕೈ ಅಡ್ಡ ಹಿಡಿಯಲಿಲ್ಲ. ನೀಲಿ ಬೋರ್ಡು, ಅದರ ಮೇಲೆ ಹಳದಿ ನಕ್ಷತ್ರಗಳ ಉಂಗುರ, ನಡುವೆ ದೇಶದ ಹೆಸರು. ಅಷ್ಟರಲ್ಲಿ ಸೇತುವೆ ಮುಗಿದಿತ್ತು.

"ಅಹೋ, ನಾಕಾ ಎಲ್ಲೈತ್ರಿ?" ಅಂದಳು.

"ನಾಕಾ ಇಲ್ಲ. ದಾಟಿ ಆತು."

ಅವಳು ಹಿಂದೆ ತಿರುಗಿ ಸೇತುವೆಯನ್ನು ನೋಡಿದಳು. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಕಾರು ನಿಲ್ಲಿಸಿ ನೋಡಿದರೆ ಕಣ್ಣು ತುಂಬಿದ್ದವು. ಯುರೋಪ್ ಪ್ರವಾಸದ ಫೋಟೊಗಳಲ್ಲಿ ಎಲ್ಲರೂ ನಗುತ್ತಿರುತ್ತಾರೆ. ನಮ್ಮ ಪ್ರವಾಸದಲ್ಲಿ ನನಗೆ ಹೆಚ್ಚು ನೆನಪಿರುವುದು ಫೋಟೊ ತೆಗೆಯದ ಆ ಐದು ನಿಮಿಷ. ಅದು ಯಾಕೆ ಅಂತ ಹೇಳಬೇಕಾದರೆ ಮೊದಲು ನಮ್ಮೂರಿನ ಕಥೆ ಹೇಳಬೇಕು.

ಅರ್ಧ ಗಂಟೆಯ ದಾರಿ

ನನ್ನದು ಕಾಗವಾಡ ತಾಲ್ಲೂಕಿನ ಒಂದು ಹಳ್ಳಿ. ನಾನು ಶಾಲೆಗೆ ಹೋಗುವಾಗ ಅದು ಅಥಣಿ ತಾಲ್ಲೂಕಿನಲ್ಲಿತ್ತು. ಆಮೇಲೆ ಕಾಗವಾಡ, ನಿಪ್ಪಾಣಿ ಎರಡೂ ಹೊಸ ತಾಲ್ಲೂಕುಗಳಾದವು. ಪಿಯುಸಿ ಓದಿದ್ದು ಅಥಣಿಯಲ್ಲಿ, ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದ್ದು ಚಿಕ್ಕೋಡಿಯಲ್ಲಿ. ಅಕ್ಕನನ್ನು ಕೊಟ್ಟಿದ್ದು ರಾಯಬಾಗಕ್ಕೆ. ಸೋದರತ್ತೆಯ ಮನೆ ನಿಪ್ಪಾಣಿಯಲ್ಲಿ, ಅಲ್ಲಿಗೆ ಹೋದರೆ ತಂಬಾಕಿನ ಘಾಟಿಗೆ ಮೊದಲ ದಿನ ಸೀನು ತಪ್ಪಿದ್ದಲ್ಲ. ಹೀಗೆ ನನ್ನ ಇಡೀ ಲೋಕ ಐದು ತಾಲ್ಲೂಕಿನೊಳಗೆ ಮುಗಿಯುತ್ತಿತ್ತು. ಆ ಐದು ತಾಲ್ಲೂಕಿನವರಿಗೆ ಆರನೆಯ ತಾಲ್ಲೂಕು ಅಂದರೆ ಮಹಾರಾಷ್ಟ್ರ. ಕಣ್ಣು ತೋರಿಸಲು, ಹೆರಿಗೆಗೆ ನಾವು ಮಿರಜಕ್ಕೆ ಹೋಗುತ್ತೇವೆ. ಕೆಲಸಕ್ಕೆ ನಿಪ್ಪಾಣಿ ಕಡೆಯ ಹುಡುಗರು ಕಾಗಲದ ಕಾರ್ಖಾನೆಗಳಿಗೆ, ಇಚಲಕರಂಜಿಯ ಮಗ್ಗಗಳಿಗೆ ಹೋಗುತ್ತಾರೆ. ಆ ಕಡೆಯವರು ಚಿಂಚಲಿ ಮಾಯಕ್ಕನ ಜಾತ್ರೆಗೆ ಗಾಡಿಗಟ್ಟಲೆ ಬರುತ್ತಾರೆ. ಹೆಣ್ಣು ಕೊಡುವುದು, ತರುವುದು ಎರಡೂ ಕಡೆಯಿಂದ.

ನನ್ನ ಹೆಂಡತಿ ಮಿರಜದವಳು. ಮನೆಮಾತು ಮರಾಠಿ. ನಮ್ಮ ಮದುವೆಯಾದದ್ದು 2020ರ ಜನವರಿಯಲ್ಲಿ. ಕಾಗವಾಡದಿಂದ ಮಿರಜಕ್ಕೆ ಬಸ್ಸಿನಲ್ಲಿ ಅರ್ಧ ಗಂಟೆ. "ಬೆಳಿಗ್ಗೆ ಹೋಗಿ ಸಂಜಿಗೆ ಬರಬಹುದು, ಇದೇನ ದೂರ ಕೊಟ್ಟಂಗ ಆತೇನ?" ಎಂದು ಅವಳ ಆಜಿ, ಅಂದರೆ ಅಜ್ಜಿ, ಮದುವೆಯಲ್ಲಿ ಎಲ್ಲರಿಗೂ ಹೇಳುತ್ತಿದ್ದರು. ತಾಯಿ ಕೆಲಸಕ್ಕೆ ಹೋಗುತ್ತಿದ್ದುದರಿಂದ ಇವಳನ್ನು ಸಾಕಿದ್ದು ಅವರೇ.

ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು. ಪುಣೆಯ ಕಂಪನಿ ಮುಚ್ಚಿದ್ದರಿಂದ ನಾನೂ ಊರಲ್ಲಿದ್ದೆ. ರಾಜ್ಯದ ಗಡಿಗಳನ್ನು ಮುಚ್ಚಿದರು. ಬಸ್ಸು ಓಡಾಡುತ್ತಿದ್ದ ರಸ್ತೆಯಲ್ಲಿ ಬ್ಯಾರಿಕೇಡ್, ಹೊಲದ ದಾರಿಗಳಿಗೆ ಮಣ್ಣಿನ ಗುಡ್ಡೆ. ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ಮಿರಜದಿಂದ ಫೋನ್ ಬಂತು. ಆಜಿ ಹೋಗಿಬಿಟ್ಟಿದ್ದರು. ಕೋವಿಡ್ ಅಲ್ಲ, ವಯಸ್ಸಾಗಿತ್ತು.

ಬೈಕ್ ತೆಗೆದುಕೊಂಡು ಗಡಿಯವರೆಗೆ ಹೋದೆವು. ಅಲ್ಲಿದ್ದ ಪೊಲೀಸರು ಕೆಟ್ಟವರಾಗಿರಲಿಲ್ಲ. ಒಬ್ಬರು ನೀರು ಕೊಟ್ಟರು, ಇನ್ನೊಬ್ಬರು ಮೇಲಿನವರಿಗೆ ಫೋನ್ ಹಚ್ಚಿದರು. ಪಾಸ್ ಇಲ್ಲದೆ ಬಿಡುವಂತಿಲ್ಲ, ಪಾಸ್ ಬರಲು ಹೊತ್ತಾಗುತ್ತದೆ ಎಂಬ ಉತ್ತರ ಬಂತು. ಬಿಸಿಲಲ್ಲಿ ಬೇವಿನ ಮರದ ಕೆಳಗೆ ಕೂತು ನನ್ನ ಹೆಂಡತಿ ಅಜ್ಜಿಯ ಅಂತ್ಯಕ್ರಿಯೆಯನ್ನು ಮೊಬೈಲಿನಲ್ಲಿ ನೋಡಿದಳು. ನಡುವೆ ಎರಡು ಸಲ ನೆಟ್‌ವರ್ಕ್ ಹೋಯಿತು.

ಅದಾದ ಮೇಲೆ ಗಡಿ ತೆರೆಯಿತು, ಬಸ್ಸು ಬಂದವು, ನಾವು ಎಷ್ಟೋ ಸಲ ಮಿರಜಕ್ಕೆ ಹೋಗಿ ಬಂದೆವು. ಆದರೆ ಆ ಜಾಗ ಬಂದಾಗ ಅವಳು ಮಾತು ನಿಲ್ಲಿಸುತ್ತಿದ್ದಳು. ಆ ಬೇವಿನ ಮರದ ಕಡೆ ನೋಡುತ್ತಿರಲಿಲ್ಲ.

ನಡುವೆ ರಜೆ ಬಂದರೆ ಸೇತುವೆ

2023ರ ಆರಂಭದಲ್ಲಿ ಕಂಪನಿ ನನ್ನನ್ನು ಆರು ತಿಂಗಳ ತರಬೇತಿಗೆ ಜರ್ಮನಿಗೆ ಕಳಿಸಿತು. ಫ್ರಾಂಕ್‌ಫರ್ಟ್ ಹತ್ತಿರದ ಒಂದು ಸಣ್ಣ ಊರು. ಮೇ ತಿಂಗಳಲ್ಲಿ ಹೆಂಡತಿ ಒಂದು ತಿಂಗಳ ವೀಸಾ ಮೇಲೆ ಬಂದಳು. ಅವಳಿಗೆ ಅದು ಮೊದಲ ವಿಮಾನ. ಸೂಟ್‌ಕೇಸಿನ ಅರ್ಧ ಭಾಗ ಕಡಕ್ ರೊಟ್ಟಿ, ಶೇಂಗಾ ಹಿಂಡಿ. ಒಂದು ಮೂಲೆಯಲ್ಲಿ ನನ್ನ ಮನೆ ಮಾಲಕಿಗೆಂದು ಅಥಣಿಯ ಒಂದು ಜೊತೆ ಚಪ್ಪಲಿ.

ಆ ವರ್ಷ ಮೇ 18, ಗುರುವಾರ, ಅಲ್ಲಿ ಏಸುವಿನ ಸ್ವರ್ಗಾರೋಹಣದ ರಜೆ. ರಜೆಗೂ ವಾರಾಂತ್ಯಕ್ಕೂ ನಡುವೆ ಸಿಕ್ಕಿಬಿದ್ದ ಶುಕ್ರವಾರವನ್ನು ಜರ್ಮನರು 'ಸೇತುವೆ ದಿನ' ಎನ್ನುತ್ತಾರೆ. ಎಲ್ಲರೂ ಆ ದಿನ ರಜೆ ಹಾಕುತ್ತಾರೆ. ನಾನು ಬುಧವಾರವನ್ನೂ ಸೇರಿಸಿಕೊಂಡೆ. ಐದು ದಿನ ಸಿಕ್ಕಿತು. ಒಂದು ಚಿಕ್ಕ ಕಾರು ಬಾಡಿಗೆಗೆ ತೆಗೆದುಕೊಂಡೆವು. ಜರ್ಮನಿ, ಲಕ್ಸೆಂಬರ್ಗ್, ಫ್ರಾನ್ಸ್, ಬೆಲ್ಜಿಯಂ, ನೆದರ್ಲೆಂಡ್ಸ್ ಸುತ್ತಿ ವಾಪಸ್. ಸುಮಾರು 1,100 ಕಿಲೋಮೀಟರ್. ಪ್ಯಾರಿಸ್ಸೂ ಇಲ್ಲ, ಸ್ವಿಟ್ಜರ್ಲೆಂಡೂ ಇಲ್ಲ. ಅಷ್ಟು ದುಡ್ಡೂ ಇರಲಿಲ್ಲ.

ಮೊದಲ ದಿನ ಬರೀ ಬೈಗುಳ. ನಮ್ಮ ಕಾರುಗಳಲ್ಲಿ ಇಂಡಿಕೇಟರ್ ಬಲಗೈ ಕಡೆ, ಅಲ್ಲಿ ಎಡಗೈ ಕಡೆ. ಹಾಗಾಗಿ ನಾನು ಎಲ್ಲಿ ತಿರುಗಿದರೂ ಬಿಸಿಲಲ್ಲಿ ವೈಪರ್ ಓಡುತ್ತಿತ್ತು. ಅವರು ರಸ್ತೆಯ ಬಲಕ್ಕೆ ಓಡಿಸುತ್ತಾರೆ. "ಬಲಕ್ಕ, ಬಲಕ್ಕ!" ಎಂದು ಹೆಂಡತಿ ಕಿರುಚುತ್ತಲೇ ಇದ್ದಳು. ಸಣ್ಣ ಊರೊಳಗೆ ಬೋರ್ಡಿಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವನಿಗೆ ಮೊದಲು ದಾರಿ ಬಿಡಬೇಕು. ನಾನು ನಮ್ಮ ಕಬ್ಬಿನ ಟ್ರ್ಯಾಕ್ಟರ್‌ಗಳನ್ನು ನೋಡಿ ಬೆಳೆದವನು, ದೊಡ್ಡದು ಯಾವುದೋ ಅದಕ್ಕೆ ದಾರಿ ಬಿಡುವುದಷ್ಟೇ ಗೊತ್ತು. ಆಟೊಬಾನ್‌ನಲ್ಲಿ ಬಹಳ ಕಡೆ ವೇಗಕ್ಕೆ ಮಿತಿಯೇ ಇಲ್ಲ. 130 ಎಂಬುದು ಸಲಹೆ ಮಾತ್ರ. ನಾನು 110 ದಾಟಲಿಲ್ಲ.

ಕೊಬ್ಲೆನ್ಜ್‌ನಲ್ಲಿ ಮೋಸೆಲ್ ನದಿ ರೈನ್ ನದಿಯನ್ನು ಸೇರುತ್ತದೆ. ಅಲ್ಲಿಂದ ನದಿಯ ಜೊತೆಗೇ ತಿರುಗುತ್ತಾ ಹೋದೆವು. ಎರಡೂ ದಡದಲ್ಲಿ ಗೋಡೆಯಂತೆ ನಿಂತ ಗುಡ್ಡ, ಅದರ ಮೇಲೆಲ್ಲ ದ್ರಾಕ್ಷಿ. ಅಥಣಿ ಕಡೆಯೂ ದ್ರಾಕ್ಷಿ ಬೆಳೆಯುತ್ತಾರೆ, ಆದರೆ ಸಮತಟ್ಟು ಹೊಲದಲ್ಲಿ ಚಪ್ಪರ ಹಾಕಿ. ಇಲ್ಲಿ ಕಾಲು ಜಾರಿದರೆ ನೇರ ನದಿಗೆ. ರಾತ್ರಿ ಟ್ರಿಯರ್‌ನಲ್ಲಿ ಉಳಿದೆವು. ರೋಮನ್ನರು ಕಟ್ಟಿದ ಕಪ್ಪು ಕಲ್ಲಿನ ಕೋಟೆ ಬಾಗಿಲು, 1818ರಲ್ಲಿ ಕಾರ್ಲ್ ಮಾರ್ಕ್ಸ್ ಹುಟ್ಟಿದ ಮನೆ, ಎರಡನ್ನೂ ಹೊರಗಿನಿಂದಲೇ ನೋಡಿ ರೊಟ್ಟಿ ತಿಂದು ಮಲಗಿದೆವು. ಮರುದಿನ ಬೆಳಿಗ್ಗೆ ಆ ಸೇತುವೆ.

ಆ ನದಿ ಯಾರದು?

ನಮ್ಮ ಪಾಸ್‌ಪೋರ್ಟಿನ ವೀಸಾ ಮೇಲೆ ಅಚ್ಚಾಗಿದ್ದ ಹೆಸರು ಈ ಹಳ್ಳಿಯದು. 1985ರ ಜೂನ್ 14ರಂದು ಇಲ್ಲಿ, ಇದೇ ಮೋಸೆಲ್ ನದಿಯ ಮೇಲೆ, 'ಪ್ರಿನ್ಸೆಸ್ ಮಾರಿ ಆಸ್ಟ್ರಿಡ್' ಎಂಬ ಹಡಗಿನಲ್ಲಿ ಐದು ದೇಶಗಳು ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ನಮ್ಮ ನಡುವಿನ ಗಡಿ ತಪಾಸಣೆಯನ್ನು ಹಂತಹಂತವಾಗಿ ತೆಗೆಯೋಣ ಎಂಬುದೇ ಆ ಒಪ್ಪಂದ. ಜಾರಿಗೆ ಬರಲು ಮತ್ತೆ ಹತ್ತು ವರ್ಷ ಹಿಡಿಯಿತು: 1995ರ ಮಾರ್ಚ್ 26. ಆ ಐದು ದೇಶ ಯಾವುವು ಅಂದರೆ ಜರ್ಮನಿ, ಫ್ರಾನ್ಸ್, ಬೆಲ್ಜಿಯಂ, ನೆದರ್ಲೆಂಡ್ಸ್, ಲಕ್ಸೆಂಬರ್ಗ್. ಕೈಯಲ್ಲಿದ್ದ ದುಡ್ಡು ನೋಡಿ ನಾವು ಆರಿಸಿಕೊಂಡ ದಾರಿ ಸರಿಯಾಗಿ ಆ ಐದೇ ದೇಶಗಳದ್ದಾಗಿತ್ತು. ಈಗ ಆ ಗುಂಪಿನಲ್ಲಿ 29 ದೇಶಗಳಿವೆ.

ಮ್ಯೂಸಿಯಂ ಹತ್ತಿರ ಬರ್ಲಿನ್ ಗೋಡೆಯ ತುಂಡುಗಳನ್ನು ನಿಲ್ಲಿಸಿದ್ದಾರೆ. ಅಲ್ಲಿ ಓದಿ ತಿಳಿದ ಒಂದು ಸಂಗತಿ ನನಗೆ ಬಹಳ ಹಿಡಿಸಿತು. ಲಕ್ಸೆಂಬರ್ಗ್–ಜರ್ಮನಿ ನಡುವೆ ಹರಿಯುವಷ್ಟು ದೂರ ಮೋಸೆಲ್ ನದಿಯ ನಡುಮಧ್ಯೆ ಗೆರೆ ಎಳೆದಿಲ್ಲ. ದಡದಿಂದ ದಡಕ್ಕೆ ಇಡೀ ನೀರು ಎರಡೂ ದೇಶದ್ದು. ಇದು 1816ರ ಒಪ್ಪಂದದಿಂದ ಬಂದದ್ದು. ಅಂದರೆ ಸೇತುವೆಯ ಮೇಲೆ ನಾವು ನಾಕಾ ಹುಡುಕುತ್ತಿದ್ದಾಗ ನಮ್ಮ ಕೆಳಗಿದ್ದ ನೀರು ಒಬ್ಬರದಾಗಿರಲಿಲ್ಲ.

ನನಗೆ ಕೃಷ್ಣೆ ನೆನಪಾದಳು. 2019ರ ಆಗಸ್ಟ್‌ನಲ್ಲಿ ಸಾಂಗ್ಲಿಯಲ್ಲಿ ನೀರು ಏರಿದ ಸುದ್ದಿ ಬರುತ್ತಿದ್ದಂತೆ ನಾವು ಇಲ್ಲಿ ದನ ಬಿಚ್ಚಿಕೊಂಡು ಎತ್ತರದ ಜಾಗಕ್ಕೆ ಓಡಿದ್ದೆವು. ಕುಡಚಿ ಸೇತುವೆ ಮುಳುಗಿತು. ಬೇಸಿಗೆಯಲ್ಲಿ ಅದೇ ನದಿ ಒಣಗಿದಾಗ ಕೊಯ್ನಾದಿಂದ ನೀರು ಬಿಡಿ ಎಂದು ನಮ್ಮವರು ಮನವಿ ಕೊಡುತ್ತಾರೆ. ಮುಳುಗುವಾಗಲೂ ಒಣಗುವಾಗಲೂ ನಾವು ಮತ್ತು ಮಿರಜದವರು ಒಂದೇ.

ಹೆಂಡತಿ ಅಲ್ಲಿನ ಒಂದು ಬೆಂಚಿನ ಮೇಲೆ ಕೂತು ಕೇಳಿದಳು: "ಕೊರೊನಾದಾಗೂ ಇಲ್ಲಿ ಹಿಂಗೇ ತೆರದಿತ್ತೇನ?"

ನಾನು ಮೊಬೈಲಿನಲ್ಲಿ ಹುಡುಕಿದೆ. ಇಲ್ಲ, ತೆರೆದಿರಲಿಲ್ಲ. 2020ರ ಮಾರ್ಚ್ 16ರಿಂದ ಜರ್ಮನಿ ಈ ಗಡಿಯಲ್ಲೂ ತಪಾಸಣೆ ಹಾಕಿತ್ತು, ಸುಮಾರು ಎರಡು ತಿಂಗಳು. ಗಡಿಗಳೇ ಇಲ್ಲ ಎಂದು ಬೀಗುತ್ತಿದ್ದ ಖಂಡದಲ್ಲಿ ಗಡಿಗಳು ಒಂದೇ ವಾರದಲ್ಲಿ ವಾಪಸ್ ಬಂದಿದ್ದವು. ಹುಡುಕುವಾಗ ಒಂದು ಸುದ್ದಿ ಸಿಕ್ಕಿತು. ಡೆನ್ಮಾರ್ಕಿನ 85ರ ಅಜ್ಜಿ, ಜರ್ಮನಿಯ 89ರ ಅಜ್ಜ, ಇಬ್ಬರೂ ಇಳಿವಯಸ್ಸಿನಲ್ಲಿ ಪ್ರೀತಿಸಿದವರು. ಗಡಿ ಮುಚ್ಚಿದ ಮೇಲೆ ದಿನಾಲೂ ಆವೆಂಟಾಫ್ಟ್ ಎಂಬ ಊರಿನ ಬ್ಯಾರಿಕೇಡ್ ಹತ್ತಿರ ಬರುತ್ತಿದ್ದರು. ಅಜ್ಜಿ ಕಾರಿನಲ್ಲಿ, ಅಜ್ಜ ಸೈಕಲ್ ಮೇಲೆ. ಗಡಿಯ ಆಚೆ ಒಬ್ಬರು, ಈಚೆ ಒಬ್ಬರು ಕುರ್ಚಿ ಹಾಕಿಕೊಂಡು ಕೂತು ಕಾಫಿ ಕುಡಿದು ಮಾತಾಡಿ ಹೋಗುತ್ತಿದ್ದರು.

ಆ ಫೋಟೊವನ್ನು ಅವಳು ಬಹಳ ಹೊತ್ತು ನೋಡಿದಳು. "ನಾವು ದಿನಾ ಹೋಗಿ ಕೂಡಬೇಕಿತ್ತು. ಆ ಕಡೆ ಆಯಿ ಬಂದು ಕೂಡತಿದ್ಲು" ಅಂದಳು. ಆಯಿ ಅಂದರೆ ಅವಳ ತಾಯಿ. ಮೂರು ವರ್ಷದಲ್ಲಿ ಆ ದಿನದ ಬಗ್ಗೆ ಅವಳು ತಾನಾಗಿ ಆಡಿದ ಮೊದಲ ಮಾತು ಅದು.

ಮೂರು ಭಾಷೆಯ ಪೆಟ್ರೋಲ್ ಪಂಪ್

ಶೆಂಗೆನ್‌ನಿಂದ ಹೆಜ್ಜೆ ಹಾಕಿದರೆ ಫ್ರಾನ್ಸಿನ ಆಪಾಕ್ ಎಂಬ ಹಳ್ಳಿ. ಅಲ್ಲಿಗೆ ಹೋಗಿ ಬ್ರೆಡ್ ತಗೊಂಡು ಮತ್ತೆ ಲಕ್ಸೆಂಬರ್ಗ್‌ಗೆ ಬಂದೆವು. ಒಂದೇ ಬೆಳಿಗ್ಗೆ ಮೂರು ದೇಶ. ಪೆಟ್ರೋಲ್ ಹಾಕಿಸಿದ್ದು ಮಾತ್ರ ಲಕ್ಸೆಂಬರ್ಗ್‌ನಲ್ಲಿ, ಯಾಕೆಂದರೆ ಅಲ್ಲಿ ತೆರಿಗೆ ಕಡಿಮೆ. ಜರ್ಮನಿ, ಫ್ರಾನ್ಸ್‌ನವರೂ ಅಲ್ಲಿಗೇ ಬಂದು ಟ್ಯಾಂಕ್ ತುಂಬಿಸುತ್ತಾರೆ. ಕೊಲ್ಲಾಪುರದ ಗಾಡಿಗಳು ಕೊಗನೊಳ್ಳಿ ದಾಟಿ ನಿಪ್ಪಾಣಿ ಕಡೆ ಡೀಸೆಲ್ ಹಾಕಿಸಿಕೊಂಡು ಹೋಗುತ್ತಿದ್ದವಲ್ಲ, ಥೇಟ್ ಹಾಗೆ.

ಆ ಪಂಪಿನ ಕೌಂಟರಿನಲ್ಲಿದ್ದ ಹೆಂಗಸು ನಮ್ಮ ಮುಂದಿನವನ ಜೊತೆ ಫ್ರೆಂಚ್ ಮಾತಾಡಿದಳು. ಫೋನ್ ಬಂತು, ಲಕ್ಸೆಂಬರ್ಗಿಷ್‌ಗೆ ಬದಲಾಯಿಸಿದಳು. ನನ್ನ ಹರಕು ಜರ್ಮನ್ ಕೇಳಿ ಜರ್ಮನ್ನಿನಲ್ಲಿ ಉತ್ತರ ಕೊಟ್ಟಳು, ಹೆಂಡತಿಗೆ ಇಂಗ್ಲಿಷ್‌ನಲ್ಲಿ ಬಿಲ್ ಹೇಳಿದಳು. ಎರಡು ನಿಮಿಷದಲ್ಲಿ ನಾಲ್ಕು ಭಾಷೆ, ಒಂದಕ್ಕೂ ತಡವರಿಕೆ ಇಲ್ಲ. ಆ ದೇಶಕ್ಕೆ ಅಧಿಕೃತ ಭಾಷೆಗಳೇ ಮೂರು. ಇಡೀ ದೇಶ 2,586 ಚದರ ಕಿಲೋಮೀಟರ್, ನಮ್ಮ ಬೆಳಗಾವಿ ಜಿಲ್ಲೆಯೊಳಗೆ ಐದು ಸಲ ಹಿಡಿಸುತ್ತದೆ. ಎರಡು ಲಕ್ಷಕ್ಕೂ ಹೆಚ್ಚು ಜನ ದಿನಾ ಬೆಳಿಗ್ಗೆ ಫ್ರಾನ್ಸ್, ಜರ್ಮನಿ, ಬೆಲ್ಜಿಯಂನಿಂದ ಅಲ್ಲಿಗೆ ಕೆಲಸಕ್ಕೆ ಬಂದು ಸಂಜೆ ಮನೆಗೆ ಹೋಗುತ್ತಾರೆ.

ನಾನು ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಡಿಪ್ಲೊಮಾ ಮುಗಿದ ಮೇಲೆ ಬೆಂಗಳೂರಿನ ಒಂದು ಇಂಟರ್‌ವ್ಯೂನಲ್ಲಿ ನನ್ನ ಕನ್ನಡ ಕೇಳಿ "ಇದೇನ್ರೀ, ಮರಾಠಿ ಥರ ಇದೆ" ಎಂದು ನಕ್ಕಿದ್ದರು. ಪುಣೆಗೆ ಹೋದೆ. ಅಲ್ಲಿ ನನ್ನ ಮರಾಠಿ ಕೇಳಿ "ಕಾನಡೀ ದಿಸ್ತೊಯ್" ಎಂದರು, ಕನ್ನಡದವನ ಹಾಗೆ ಕಾಣುತ್ತಾನೆ ಅಂತ. ಎರಡೂ ಕಡೆ ನನಗೆ ನಾಚಿಕೆಯಾಗಿತ್ತು. ಬಯೋಡಾಟಾದಲ್ಲಿ ಭಾಷೆಗಳ ಜಾಗದಲ್ಲಿ ಮರಾಠಿ ಬರೆಯುವುದನ್ನೇ ಕೆಲವು ಸಲ ಬಿಟ್ಟಿದ್ದೆ. ನಿಪ್ಪಾಣಿಯ ಕಿರಾಣಿ ಅಂಗಡಿಯವರು ಗಿರಾಕಿಯ ಮುಖ ನೋಡಿ ಕನ್ನಡ, ಮರಾಠಿ, ಹಿಂದಿಗೆ ಬದಲಾಯಿಸುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಅದು ಒಂದು ವಿದ್ಯೆ ಅಂತ ಯಾವತ್ತೂ ಅನ್ನಿಸಿರಲಿಲ್ಲ. ಆ ಪಂಪಿನಲ್ಲಿ ಅನ್ನಿಸಿತು. ಈಗ ನನ್ನ ಬಯೋಡಾಟಾದಲ್ಲಿ ಐದು ಭಾಷೆಗಳಿವೆ, ಕೊನೆಯದು ಅರ್ಧಂಬರ್ಧ ಜರ್ಮನ್.

ಬಾಗಿಲು ಯಾವ ಕಡೆ?

ಲಕ್ಸೆಂಬರ್ಗ್ ಪಟ್ಟಣದಲ್ಲಿ ರೂಮಿನ ಬಾಡಿಗೆ ಕೇಳಿ ಗಾಬರಿಯಾಗಿ ರಾತ್ರಿ ಬೆಲ್ಜಿಯಂನ ಆರ್ಲೋನ್‌ಗೆ ಹೋದೆವು. ಮರುದಿನ ಬಾಸ್ಟೋನ್ ಮೇಲೆ ಉತ್ತರಕ್ಕೆ. 1944ರ ಡಿಸೆಂಬರ್‌ನ ಹಿಮದಲ್ಲಿ ಜರ್ಮನ್ ಮತ್ತು ಅಮೆರಿಕನ್ ಸೇನೆಗಳು ಭೀಕರವಾಗಿ ಕಾದಾಡಿದ ಊರು ಅದು. ಊರ ನಡುವೆ ಇವತ್ತೂ ಒಂದು ಟ್ಯಾಂಕ್ ನಿಂತಿದೆ. ಮಕ್ಕಳು ಅದರ ಪಕ್ಕದಲ್ಲಿ ಐಸ್‌ಕ್ರೀಮ್ ತಿನ್ನುತ್ತಿದ್ದರು. ಅಲ್ಲಿ ಯುದ್ಧ ಮುಗಿದದ್ದಕ್ಕೂ ಶೆಂಗೆನ್‌ನ ಹಡಗಿಗೂ ನಡುವೆ ಬರೀ ನಲವತ್ತು ವರ್ಷ.

ವಾಲ್ಸ್ ಎಂಬಲ್ಲಿ ಬೆಲ್ಜಿಯಂ, ಜರ್ಮನಿ, ನೆದರ್ಲೆಂಡ್ಸ್ ಮೂರೂ ಕೂಡುವ ಗುಡ್ಡವಿದೆ. ಎತ್ತರ 322 ಮೀಟರ್. ನಮ್ಮ ತವಂದಿ ಘಾಟ್ ನೋಡಿದವರಿಗೆ ಇದು ಗುಡ್ಡ ಅನ್ನಿಸುವುದಿಲ್ಲ. ಆದರೆ ಯುರೋಪಿನೊಳಗಿನ ನೆದರ್ಲೆಂಡ್ಸಿಗೆ ಇದೇ ಅತಿ ಎತ್ತರದ ಜಾಗ. ಕಲ್ಲಿನ ಸುತ್ತ ಹೆಂಡತಿ ಮೂರು ಹೆಜ್ಜೆಯಲ್ಲಿ ಮೂರು ದೇಶ ಸುತ್ತಿ ಬಂದಳು. ಅದಕ್ಕೆ ಯಾವ ಪಾಸೂ ಬೇಕಾಗಿರಲಿಲ್ಲ.

ಎಲ್ಲಕ್ಕಿಂತ ವಿಚಿತ್ರ ಊರು ಬಾರ್ಲೆ. ನೆದರ್ಲೆಂಡ್ಸಿನ ಒಳಗೆ ಇರುವ ಈ ಊರಿನಲ್ಲಿ ಬೆಲ್ಜಿಯಂಗೆ ಸೇರಿದ 22 ತುಂಡು ನೆಲಗಳಿವೆ, ಹರಿದ ಚಾಪೆಗೆ ತೇಪೆ ಹಾಕಿದಂತೆ. ನೂರಾರು ವರ್ಷದ ಹಿಂದೆ ಜಮೀನ್ದಾರರು ನೆಲ ಹಂಚಿಕೊಂಡ ರೀತಿ ಹಾಗೇ ಉಳಿದಿದೆ. ಫುಟ್‌ಪಾತ್ ಮೇಲೆ ಬಿಳಿ ಕ್ರಾಸ್ ಗುರುತುಗಳ ಸಾಲು. ಒಂದು ಕಡೆ ಒಂದು ದೇಶದ ಅಕ್ಷರ, ಇನ್ನೊಂದು ಕಡೆ ಇನ್ನೊಂದರದು. ಗೆರೆ ಮನೆಗಳ ನಡುವೆಯೇ ಹಾದುಹೋಗುತ್ತದೆ. ಆಗ ಆ ಮನೆ ಯಾವ ದೇಶದ್ದು? ಮುಂಬಾಗಿಲು ಯಾವ ದೇಶದಲ್ಲಿದೆಯೋ ಆ ದೇಶದ್ದು. ಒಂದೇ ಊರಿಗೆ ಇಬ್ಬರು ಮೇಯರ್, ಎರಡು ಪೊಲೀಸ್. ಲಾಕ್‌ಡೌನ್‌ನಲ್ಲಿ ಎರಡು ದೇಶದ ನಿಯಮ ಬೇರೆ ಬೇರೆಯಾದಾಗ ಒಂದು ಬಟ್ಟೆ ಅಂಗಡಿಯ ಬೆಲ್ಜಿಯಂ ಅರ್ಧಕ್ಕೆ ಟೇಪ್ ಕಟ್ಟಿ, ಉಳಿದ ಅರ್ಧದಲ್ಲಿ ವ್ಯಾಪಾರ ಮಾಡಿದ್ದರಂತೆ.

ಹೆಂಡತಿ ಬಿದ್ದು ಬಿದ್ದು ನಕ್ಕಳು. ಆಮೇಲೆ ನಮ್ಮ ಮನೆಗೆ ಎಷ್ಟು ಬಾಗಿಲು ಅಂತ ಲೆಕ್ಕ ಹಾಕಿದಳು. "ನಮ್ಮ ಅಡಗಿಮನಿ ಬಾಗಲಾ ಮಿರಜ ಕಡೆ ಐತಿ. ಅಡಗಿಮನಿ ಮಹಾರಾಷ್ಟ್ರ ಅನ್ರಿ." ಅತ್ತೆ-ಸೊಸೆ ಕೂಡಿ ಅಡುಗೆ ಮಾಡುವಾಗ ಅಲ್ಲಿ ನಡೆಯುವುದು ಅರ್ಧ ಕನ್ನಡ, ಅರ್ಧ ಮರಾಠಿ. ಆದ್ದರಿಂದ ನಾನು ಒಪ್ಪಿಕೊಂಡೆ.

ಕರ್ನಾಟಕ–ಮಹಾರಾಷ್ಟ್ರ ಗಡಿ ವಿವಾದದ ಬಗ್ಗೆ ನಾನಿಲ್ಲಿ ಏನೂ ಹೇಳಹೊರಟಿಲ್ಲ. 1956ರ ರಾಜ್ಯ ವಿಂಗಡಣೆ, 1967ರ ಮಹಾಜನ್ ವರದಿ, 2004ರಿಂದ ಸುಪ್ರೀಂ ಕೋರ್ಟಿನಲ್ಲಿರುವ ಪ್ರಕರಣ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಗೆರೆ ಎಲ್ಲಿರಬೇಕು ಎನ್ನುವುದು ಕೋರ್ಟಿನ ಕೆಲಸ. ಗೆರೆಯ ಆಚೀಚೆ ಇರುವವರು ದಿನಾ ಹೇಗೆ ಓಡಾಡಬೇಕು ಎನ್ನುವುದು ಬೇರೆ ಪ್ರಶ್ನೆ. ಬಾರ್ಲೆಯಲ್ಲಿ ಯಾರೂ ಗೆರೆಯನ್ನು ಅಳಿಸಿಲ್ಲ. ಅದನ್ನು ಬಣ್ಣ ಬಳಿದು ಇಟ್ಟುಕೊಂಡು, ಅದರ ಮೇಲೆಯೇ ಕುರ್ಚಿ ಹಾಕಿ ಕಾಫಿ ಕುಡಿಯುತ್ತಾರೆ.

ನಮ್ಮಲ್ಲೂ ಇಂಥದ್ದು ಇಲ್ಲ ಅಂತಲ್ಲ. ಕೊಲ್ಹಾಪುರಿ ಚಪ್ಪಲಿಗೆ ಸಿಕ್ಕ ಜಿಐ ಟ್ಯಾಗ್ ಎರಡೂ ರಾಜ್ಯದ್ದು: ಮಹಾರಾಷ್ಟ್ರದ ನಾಲ್ಕು ಜಿಲ್ಲೆ, ಬೆಳಗಾವಿ ಸೇರಿ ಕರ್ನಾಟಕದ ನಾಲ್ಕು ಜಿಲ್ಲೆ. ನಾವು ಜರ್ಮನಿಯ ಮನೆ ಮಾಲಕಿಗೆ ಕೊಟ್ಟ ಅಥಣಿ ಚಪ್ಪಲಿ ಅದೇ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್‌ನಲ್ಲಿ ಅಂಥದ್ದೇ ಚಪ್ಪಲಿ ತೋರಿಸಿ, ಟೀಕೆ ಬಂದ ಮೇಲೆ ಅದರ ಮೂಲ ಭಾರತದ ಕುಶಲಕರ್ಮಿಗಳದ್ದು ಎಂದು ಒಪ್ಪಿಕೊಂಡಿತಲ್ಲ, ಆಗ ಆ ಮಾಲಕಿ ನಮಗೆ ಮೆಸೇಜ್ ಮಾಡಿದರು: "ನನ್ನ ಹತ್ತಿರ ಎರಡು ವರ್ಷದಿಂದ ಅಸಲಿ ಇದೆ!"

ಹೋಗುವವರಿಗೆ ಒಂದಿಷ್ಟು

ಒಂದು ಮಾತು ನೆನಪಿರಲಿ. ಆ ಗಡಿಗಳು ಒಳಗಿರುವವರಿಗೆ ತೆರೆದಿವೆ, ನಮಗೆ ಮೊದಲ ಬಾಗಿಲು ಗಟ್ಟಿಯಾಗಿಯೇ ಇದೆ. ಹೆಂಡತಿಯ ವೀಸಾಕ್ಕೆ ಬ್ಯಾಂಕ್ ಸ್ಟೇಟ್‌ಮೆಂಟ್, ಆಹ್ವಾನ ಪತ್ರ, ಮದುವೆ ಸರ್ಟಿಫಿಕೇಟ್, ಹಿಂದಿರುಗಿ ಬರುವ ಟಿಕೆಟ್ ಎಲ್ಲ ಕೇಳಿದ್ದರು. ಶೆಂಗೆನ್ ವೀಸಾದಲ್ಲಿ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು. ಹೆಚ್ಚು ದಿನ ಉಳಿಯುವ ದೇಶದ ಹೆಸರಿನಲ್ಲೇ ಅರ್ಜಿ ಹಾಕಬೇಕು. ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ಇನ್ಶೂರೆನ್ಸ್ ಕಡ್ಡಾಯ. ಶುಲ್ಕ ಆಗ 80 ಯೂರೊ ಇತ್ತು, 2024ರ ಜೂನ್‌ನಿಂದ 90.

ಕಾರು ಓಡಿಸಲು ನಮ್ಮ ಲೈಸೆನ್ಸ್ ಜೊತೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಇಟ್ಟುಕೊಳ್ಳಿ. ಅದನ್ನು ಕೊಡುವುದು ನಮ್ಮ ಆರ್‌ಟಿಒ ಕಚೇರಿಯೇ. ಕೆಎ-23ರ ನಮಗೆ ಅಂದರೆ ಚಿಕ್ಕೋಡಿ. ಒಂದು ವರ್ಷ ನಡೆಯುತ್ತದೆ. ಬಾಡಿಗೆ ಕಾರಿಗೆ ಓಡಿಸುವವರ ಹೆಸರಿನ ಕ್ರೆಡಿಟ್ ಕಾರ್ಡ್ ಕೇಳುತ್ತಾರೆ. ನಾವು ಹೋದ ದಾರಿಯಲ್ಲಿ ಎಲ್ಲೂ ಟೋಲ್ ಕಟ್ಟಲಿಲ್ಲ. ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್‌ನಂಥ ದೇಶಗಳ ಹೆದ್ದಾರಿಗಳಿಗೆ ಮೊದಲೇ ಶುಲ್ಕ ಕಟ್ಟಬೇಕು. ಐದು ದಿನಕ್ಕೆ ಕಾರು, ಪೆಟ್ರೋಲ್, ರೂಮ್ ಸೇರಿ ಇಬ್ಬರಿಗೂ ಸುಮಾರು 65 ಸಾವಿರ ರೂಪಾಯಿ ಆಯಿತು. ರೊಟ್ಟಿ ಒಯ್ಯದಿದ್ದರೆ ಇನ್ನೂ ಹೆಚ್ಚು ಆಗುತ್ತಿತ್ತು.

ಕೆಲಸ ಹುಡುಕುವವರಿಗೆ: ಡಿಗ್ರಿ ಅಥವಾ ಕನಿಷ್ಠ ಎರಡು ವರ್ಷದ ವೃತ್ತಿ ತರಬೇತಿ ಇದ್ದವರು ಅಲ್ಲಿಗೇ ಹೋಗಿ ಕೆಲಸ ಹುಡುಕಲು ಜರ್ಮನಿ 2024ರ ಜೂನ್‌ನಿಂದ 'ಆಪರ್ಚುನಿಟಿ ಕಾರ್ಡ್' ಕೊಡುತ್ತಿದೆ. ಎ1 ಮಟ್ಟದ ಜರ್ಮನ್ ಅಥವಾ ಬಿ2 ಮಟ್ಟದ ಇಂಗ್ಲಿಷ್ ಬೇಕು, ಅಲ್ಲಿ ಇರುವಷ್ಟು ದಿನದ ಖರ್ಚಿಗೆ ಹಣ ತೋರಿಸಬೇಕು. ವಿವರಕ್ಕೆ ರಾಯಭಾರ ಕಚೇರಿಯ ವೆಬ್‌ಸೈಟ್ ಓದಿ; ಲಕ್ಷಗಟ್ಟಲೆ ಕೇಳುವ ಏಜೆಂಟರ ಮಾತು ನಂಬಬೇಡಿ. ಮೂರು ಭಾಷೆ ಕೇಳುತ್ತಲೇ ಬೆಳೆದ ನಮ್ಮ ಕಡೆಯ ಹುಡುಗ-ಹುಡುಗಿಯರಿಗೆ ನಾಲ್ಕನೆಯದು ಕಲಿಯುವುದು ಕಷ್ಟವಲ್ಲ.

ಇನ್ನೊಂದು ಬದಲಾವಣೆ ಆಗಿದೆ. ನಾವು ಬಂದ ಮೇಲೆ, 2024ರ ಸೆಪ್ಟೆಂಬರ್‌ನಿಂದ, ಜರ್ಮನಿ ತನ್ನ ಎಲ್ಲ ಭೂಗಡಿಗಳಲ್ಲೂ ಮತ್ತೆ ತಪಾಸಣೆ ಶುರು ಮಾಡಿತು. ಪಾಸ್‌ಪೋರ್ಟ್ ಬ್ಯಾಗಿನ ಅಡಿಗೆ ಹಾಕಬೇಡಿ. ತೆರೆದ ಗಡಿ ಒಮ್ಮೆ ತೆರೆದರೆ ಹಾಗೇ ಇರುತ್ತದೆ ಅಂದುಕೊಂಡಿದ್ದೆ, ಹಾಗಲ್ಲ.

ಮೋರಿಯ ಮೇಲೆ ಊಟ

ಅದು ನಮ್ಮಲ್ಲೂ ಹಾಗೇ. 2025ರ ಫೆಬ್ರುವರಿ ಕೊನೆಯಲ್ಲಿ ಎರಡೂ ರಾಜ್ಯಗಳ ನಡುವೆ ಗಲಾಟೆಯಾಗಿ ಕೆಲವು ದಿನ ಸರ್ಕಾರಿ ಬಸ್ಸುಗಳು ಗಡಿ ದಾಟಲಿಲ್ಲ. ನಾನು ಪುಣೆಯಲ್ಲಿದ್ದೆ. ಹೆಂಡತಿ ಊರಲ್ಲಿ, ಹತ್ತು ತಿಂಗಳ ಮಗಳ ಜೊತೆ. ಮೊಮ್ಮಗಳನ್ನು ನೋಡಲು ಮಿರಜದಲ್ಲಿ ಅವಳ ಆಯಿ ಕಾಯುತ್ತಿದ್ದರು. ಬಸ್ಸಿಲ್ಲ, ಮುಂದಿನ ವಾರ ಹೋದರಾಯ್ತು ಎಂದು ನಾನು ಫೋನಿನಲ್ಲಿ ಹೇಳಿದೆ. ಅವಳು ಹೂಂ ಅಂದಳು.

ಮಧ್ಯಾಹ್ನ ಒಂದು ಫೋಟೊ ಬಂತು. ನಮ್ಮ ಅಪ್ಪ ಬೈಕಿನಲ್ಲಿ ಅವಳನ್ನೂ ಮಗುವನ್ನೂ ಗಡಿಯವರೆಗೆ ಬಿಟ್ಟಿದ್ದರು. ಆ ಕಡೆಯಿಂದ ಆಯಿ ರಿಕ್ಷಾ ಮಾಡಿಕೊಂಡು ಬಂದಿದ್ದರು. ಯಾರೂ ತಡೆದಿರಲಿಲ್ಲ, ಬಸ್ಸಷ್ಟೇ ನಿಂತಿದ್ದವು. ಬೇಕಿದ್ದರೆ ಅದೇ ರಿಕ್ಷಾದಲ್ಲಿ ಮನೆಗೇ ಹೋಗಬಹುದಿತ್ತು. ಆದರೆ ಅವರು ಹೋಗಿರಲಿಲ್ಲ. ರಸ್ತೆ ಬದಿಯ ಮೋರಿಯ ಕಟ್ಟೆ ಮೇಲೆ ಟಿಫಿನ್ ಡಬ್ಬಿ ಬಿಚ್ಚಿ ಕೂತಿದ್ದರು. ನಮ್ಮ ಅಪ್ಪ ಒಂದು ಕೈಯಲ್ಲಿ ರೊಟ್ಟಿ, ಇನ್ನೊಂದು ಕೈಯಲ್ಲಿ ಮೊಮ್ಮಗಳನ್ನು ಹಿಡಿದುಕೊಂಡಿದ್ದರು. ಹಿಂದೆ ಆ ಬೇವಿನ ಮರ ಕಾಣುತ್ತಿತ್ತು.

ನಾನು ಗಾಬರಿಯಿಂದ ಫೋನ್ ಮಾಡಿದೆ. "ಅಲ್ಲಿ ಯಾಕ ಕೂತೀರಿ?"

"ನೆರಳ ಚಲೋ ಐತ್ರಿ" ಅಂದಳು. ಹಿಂದೆ ಆಯಿಯ ದನಿ ಕೇಳಿಸಿತು, ಅಳಿಯಂದಿರು ಉಂಡರಾ ಕೇಳು ಅಂತ, ಮರಾಠಿಯಲ್ಲಿ. ಇನ್ನೂ ಇಲ್ಲ ಅಂದೆ. ಕನ್ನಡದಲ್ಲೇ.